ಟೇಪು ಮೊದಲು, ಹಿಟಾಚಿ ಆಮೇಲೆ

ತೋಟದ ಬಸಿಗಾಲುವೆಗೂ ಮಿನಿ ಹಿಟಾಚಿ, ಮನೆಯ ಸಂಪಿಗೂ ಮಿನಿ ಹಿಟಾಚಿ. ಆದರೆ ಯಾವುದು? ಒಂದು ಟನ್ನಿನದೋ, ಐದು ಟನ್ನಿನದೋ? ಬಾಡಿಗೆಗೋ, ಸ್ವಂತಕ್ಕೋ? ಇದನ್ನು ತೀರ್ಮಾನಿಸಬೇಕಾದದ್ದು ಗೇಟಿನ ಅಗಲ, ಗುಂಡಿಯ ಆಳ ಮತ್ತು ಕಾಲ ಕೆಳಗಿನ ಮಣ್ಣು.

ಫೆಬ್ರುವರಿ ಬಂತೆಂದರೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಕೊನೆಕೊಯ್ಲಿನ ಗದ್ದಲ ಅಡಗಿ ಮಣ್ಣುಕೆಲಸದ ಸದ್ದು ಏಳುತ್ತದೆ. ರಸ್ತೆಬದಿಯಲ್ಲಿ ನಿಂತ ಕ್ಯಾಂಟರಿನ ಹಿಂಬದಿಗೆ ಎರಡು ಕಬ್ಬಿಣದ ಹಲಗೆ ಆನಿಸಿಟ್ಟಿದ್ದಾರೆ. ಪುಟ್ಟ ಯಂತ್ರವೊಂದು ರಬ್ಬರ್ ಚೈನಿನ ಮೇಲೆ ತೆವಳುತ್ತ ಕೆಳಗಿಳಿದು, ಉಣುಗೋಲು ಸರಿಸಿದ ದಾರಿಯಲ್ಲಿ ತೋಟದೊಳಗೆ ಹೋಗುತ್ತದೆ. ಎರಡು ಸಾಲು ಮರಗಳ ನಡುವೆ ನಿಂತು, ಹೂಳು ತುಂಬಿದ ಬಸಿಗಾಲುವೆಗೆ ಬಕೆಟ್ ಇಳಿಸಿದರೆ ಕಪ್ಪು ಕೆಸರು, ಕೊಳೆತ ಸೋಗೆ, ಬೇರಿನ ಜಡೆ ಒಟ್ಟಿಗೇ ಮೇಲೆ ಬರುತ್ತವೆ. ನಾಲ್ಕೈದು ಆಳು ವಾರವಿಡೀ ಹಾರೆ, ಗುದ್ದಲಿ ಹಿಡಿದು ಮಾಡುತ್ತಿದ್ದ ಕೆಲಸ ಸಂಜೆಯೊಳಗೆ ಮುಗಿಯುತ್ತದೆ.

ಅದೇ ತೋಟಕ್ಕೆ ಒಂದು ಅಳತೆ ದೊಡ್ಡ ಯಂತ್ರ ಬಂದರೆ ಪರಿಣಾಮವೇ ಬೇರೆ. ತಿರುಗುವಾಗ ಹಿಂಬದಿಯ ಭಾರ ಮರದ ಕಾಂಡಕ್ಕೆ ತಗಲುತ್ತದೆ. ಅಡಿಕೆ ಏಕದಳ ಸಸ್ಯ. ಮಾವು, ಹಲಸಿನ ಹಾಗೆ ಕಾಂಡ ವರ್ಷವರ್ಷ ದಪ್ಪವಾಗುತ್ತ ಗಾಯವನ್ನು ಮುಚ್ಚಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಒಂದು ಬಾರಿ ಬಿದ್ದ ಪೆಟ್ಟು ಮರ ಇರುವವರೆಗೂ ಇರುತ್ತದೆ. ಯಂತ್ರದ ಆಯ್ಕೆಯಲ್ಲಿ ಆಗುವ ಚಿಕ್ಕ ತಪ್ಪಿಗೆ ಇಲ್ಲಿ ಇಷ್ಟು ದೊಡ್ಡ ಬೆಲೆ.

ಊರಿನ ಮಾತಿನಲ್ಲಿ ಗಾಲಿಯ ಮೇಲೆ ಓಡುವುದು ಜೆಸಿಬಿ, ಚೈನಿನ ಮೇಲೆ ತೆವಳುವುದು ಹಿಟಾಚಿ. ಕಂಪನಿ ಯಾವುದೇ ಇರಲಿ. ಚೈನಿನ ಯಂತ್ರಗಳಲ್ಲಿ ಸುಮಾರು ಆರು ಟನ್ನಿನೊಳಗಿನವು ಮಿನಿ. ನಮ್ಮಲ್ಲಿ ಏಳು ಟನ್ನಿನದನ್ನೂ ಮಿನಿ ಎಂದೇ ಕರೆಯುವುದುಂಟು. ಒಂದು ಟನ್ನಿಗೂ ಏಳು ಟನ್ನಿಗೂ ನಡುವೆ ಇರುವ ಅಂತರದಲ್ಲೇ ಇಡೀ ಪ್ರಶ್ನೆ ಅಡಗಿದೆ.

ಮೂರು ಅಳತೆ

ಯಂತ್ರ ಹುಡುಕುವ ಮೊದಲು ಜಾಗವನ್ನು ಅಳೆಯಬೇಕು. ಮೊದಲನೆಯದು, ದಾರಿಯಲ್ಲಿ ಸಿಗುವ ಅತ್ಯಂತ ಕಿರಿದಾದ ಜಾಗದ ಅಗಲ. ಅದು ಗೇಟು ಇರಬಹುದು, ಮನೆಗೂ ಕಾಂಪೌಂಡಿಗೂ ನಡುವಿನ ಸಂದು ಇರಬಹುದು, ಹಳ್ಳಕ್ಕೆ ಹಾಕಿದ ಸಂಕ ಇರಬಹುದು. ಸಂಕವಾದರೆ ಅಗಲದ ಜೊತೆಗೆ ಅದು ಹೊರುವ ಭಾರವನ್ನೂ ಯೋಚಿಸಬೇಕು. ಗೇಟು ಹತ್ತಡಿ ಇದೆ ಎಂದು ಐದು ಟನ್ನಿನ ಯಂತ್ರ ಕರೆಸಿ, ಒಳಗಿನ ನೀರಿನ ಟ್ಯಾಂಕಿನ ಮೂಲೆಯಲ್ಲಿ ಅದು ತಿರುಗಲಾರದೆ ನಿಂತರೆ ಲಾರಿಯ ಬಾಡಿಗೆಯಂತೂ ಕೊಡಲೇಬೇಕು.

ಎರಡನೆಯದು ಆಳ. ಕಂಪನಿಯ ಕೈಪಿಡಿಯಲ್ಲಿ ಬರೆದ ಗರಿಷ್ಠ ಆಳ ಬಕೆಟ್ಟಿನ ಹಲ್ಲು ಒಂದೇ ಒಂದು ಬಿಂದುವಿನಲ್ಲಿ ಮುಟ್ಟುವ ಆಳ. ಗುಂಡಿಯ ತಳ ಸಮತಟ್ಟಾಗಿರಬೇಕು, ಗೋಡೆ ನೆಟ್ಟಗಿರಬೇಕು ಎಂದರೆ ಅಷ್ಟು ಆಳ ಸಿಗುವುದಿಲ್ಲ. ಬೇಕಾದ ಆಳಕ್ಕಿಂತ ಅರ್ಧ ಮೀಟರಾದರೂ ಹೆಚ್ಚು ಆಳ ತೋಡಬಲ್ಲ ಯಂತ್ರವನ್ನೇ ಕೇಳಬೇಕು.

ಮೂರನೆಯ ಅಳತೆಯನ್ನು ಹೆಚ್ಚಿನವರು ಮರೆಯುತ್ತಾರೆ: ತೆಗೆದ ಮಣ್ಣು ಎಲ್ಲಿ ಹೋಗುತ್ತದೆ? ನೆಲದಲ್ಲಿ ಗಟ್ಟಿಯಾಗಿ ಕೂತ ಮಣ್ಣು ಅಗೆದಾಗ ಉಬ್ಬುತ್ತದೆ. ಸಾಮಾನ್ಯ ಮಣ್ಣಾದರೆ ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳದ ಗುಂಡಿಯಿಂದ 10 ಘನ ಮೀಟರ್ ಮಣ್ಣು ತೆಗೆದರೆ ಹೊರಗೆ ರಾಶಿ ಬೀಳುವುದು 12ರಿಂದ 13 ಘನ ಮೀಟರ್. ನೂರು ಘನ ಅಡಿ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರ್ ಅದನ್ನು ಹೊರಲು ನಾಲ್ಕೈದು ಸಲ ಬರಬೇಕು. ಟ್ರ್ಯಾಕ್ಟರ್ ಬರುವವರೆಗೆ ಯಂತ್ರ ಸುಮ್ಮನೆ ನಿಂತರೂ ಎಂಜಿನ್ ಚಾಲೂ ಇದ್ದಷ್ಟು ಹೊತ್ತು ಬಾಡಿಗೆಯ ಗಂಟೆ ಮೀಟರ್ ಓಡುತ್ತಲೇ ಇರುತ್ತದೆ.

ಒಂದರಿಂದ ಏಳರವರೆಗೆ

ಅತಿ ಚಿಕ್ಕದು ಒಂದು ಟನ್ನಿನ ಯಂತ್ರ. ಕುಬೋಟದ ಕೆ008 ಈ ಗಾತ್ರದ ಹೆಸರಾಂತ ಮಾದರಿ. ಚೈನುಗಳನ್ನು ಒಳಕ್ಕೆಳೆದುಕೊಂಡರೆ ಅದರ ಅಗಲ ಸುಮಾರು 70 ಸೆಂಟಿಮೀಟರ್. ಮನೆಯ ಬಾಗಿಲಿನೊಳಗೂ ಹೋಗುತ್ತದೆ. ಕೆಲಸಕ್ಕೆ ನಿಲ್ಲುವಾಗ ಚೈನನ್ನು ಹೊರಕ್ಕೆ ಚಾಚಿ ಅಗಲವಾಗುತ್ತದೆ. ಒಂದೂಮುಕ್ಕಾಲು ಮೀಟರ್ ಆಳದವರೆಗೆ ತೋಡುತ್ತದೆ. ಪೈಪಿನ ಚರಂಡಿ, ಹಿತ್ತಿಲ ಗಿಡದ ಗುಂಡಿ, ಹಳೆಯ ಮನೆಯೊಳಗಿನ ನೆಲ ಅಗೆತ ಇದರ ಕೆಲಸ. ಗಟ್ಟಿ ನೆಲದಲ್ಲಿ ಇದು ಬೇಗ ಸೋಲುತ್ತದೆ. ಬಕೆಟ್ ನೆಲಕ್ಕಿಳಿಯುವ ಬದಲು ಯಂತ್ರವೇ ಮೇಲೇಳುತ್ತದೆ.

ಒಂದೂವರೆಯಿಂದ ಎರಡು ಟನ್ನಿನವು ಮನೆ, ತೋಟ ಎರಡಕ್ಕೂ ಸಲ್ಲುವ ಗಾತ್ರ. ಕುಬೋಟದ ಯು17 ಮಾದರಿ 99 ಸೆಂಟಿಮೀಟರಿಗೆ ಕಿರಿದಾಗಿ 124 ಸೆಂಟಿಮೀಟರಿಗೆ ಅಗಲವಾಗುತ್ತದೆ, ಸುಮಾರು 2.3 ಮೀಟರ್ ಆಳ ತೋಡುತ್ತದೆ. ಬೆಂಗಳೂರಿನ 30×40 ಸೈಟಿನಲ್ಲಿ ಕಟ್ಟಿ ಮುಗಿದ ಮನೆಯ ಪಕ್ಕದ ಸಂದಿನಿಂದ ಹಿಂಬದಿಗೆ ಹೋಗಬೇಕಾದರೆ ಇಂಥದ್ದೇ ಬೇಕು.

ಮೂರರಿಂದ ಮೂರೂವರೆ ಟನ್ನಿನದಕ್ಕೆ ಅಗಲ ಒಂದೂವರೆ ಮೀಟರಿನ ಆಸುಪಾಸು, ಆಳ ಮೂರು ಮೀಟರ್. ಅಡಿಕೆ ತೋಟಕ್ಕೆ ಹೊಂದುವ ಗಾತ್ರ ಇದು. ಅಡಿಕೆಗೆ ಶಿಫಾರಸಾಗಿರುವ ಅಂತರ 2.7 ಮೀಟರ್, ಅಂದರೆ ಒಂಬತ್ತಡಿ. ಕಾಂಡದ ದಪ್ಪ ಕಳೆದರೆ ಓಡಾಡಲು ಎರಡೂವರೆ ಮೀಟರ್ ಉಳಿಯುತ್ತದೆ. ಮೂರೂವರೆ ಟನ್ನಿನ ಯಂತ್ರ ಎರಡೂ ಬದಿಗೆ ಅರ್ಧರ್ಧ ಮೀಟರ್ ಬಿಟ್ಟು ಸಾಗಬಲ್ಲದು. ಏಳು–ಎಂಟಡಿಗೆ ನೆಟ್ಟ ಹಳೆಯ ತೋಟವಾದರೆ ಎರಡು ಟನ್ನಿಗೇ ಇಳಿಯಬೇಕು. ಹತ್ತಡಿಗೊಂದರಂತೆ ನೆಟ್ಟ ರೊಬಸ್ಟಾ ಕಾಫಿ ತೋಟದಲ್ಲಿ ರೆಕ್ಕೆಗಳು ಹರಡಿಕೊಂಡಿರುವುದರಿಂದ, ಗಿಡಗಳ ಅಂತರ ನೋಡದೆ ರೆಕ್ಕೆಗಳ ನಡುವಿನ ಅಂತರವನ್ನೇ ಅಳೆಯಬೇಕು.

ಐದು ಟನ್ನಿನದು ಎರಡು ಮೀಟರ್ ಅಗಲ, ಮೂರೂವರೆ ಮೀಟರಿಗೂ ಹೆಚ್ಚು ಆಳ. ಏಳು ಟನ್ನಿನದು ಅದಕ್ಕಿಂತ ಒಂದು ಕೈ ಮೇಲು. ಖಾಲಿ ಜಮೀನು ಸಮ ಮಾಡಲು, ಕೃಷಿ ಹೊಂಡ ತೋಡಲು, ಅಗಳ ಹೊಡೆಯಲು ಇವು ಸರಿ. ಮರವಿರುವ ತೋಟಕ್ಕೂ ಮನೆಯಂಗಳಕ್ಕೂ ಇವು ಹೆಚ್ಚಾಯಿತು.

ಗಂಟೆಗೆ ಬಾಡಿಗೆ ಹೆಚ್ಚಾದರೂ ದೊಡ್ಡದು ಬೇಗ ಮುಗಿಸುತ್ತದಲ್ಲ ಎಂಬ ವಾದವನ್ನು ಯಂತ್ರದವರು ಮುಂದಿಡುತ್ತಾರೆ. ಬಯಲಿನಲ್ಲಿ ಅದು ನಿಜ. ಇಕ್ಕಟ್ಟಿನಲ್ಲಿ ದೊಡ್ಡ ಯಂತ್ರ ಅಗೆಯುವ ಹೊತ್ತಿಗಿಂತ ಹಿಂದೆ ಮುಂದೆ ಸರಿದು ತಿರುಗುವ ಹೊತ್ತೇ ಹೆಚ್ಚಾಗುತ್ತದೆ. ಮರಗಳ ನಡುವೆ, ಗೋಡೆಗಳ ನಡುವೆ ಕೆಲಸವಿದ್ದರೆ ಕೆಲಸವನ್ನು ಮಾಡಬಲ್ಲ ಯಂತ್ರಗಳಲ್ಲಿ ಅತ್ಯಂತ ಚಿಕ್ಕದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

> ಎಷ್ಟು ಗಂಟೆ ಬೇಕು? ಹೀಗೊಂದು ಲೆಕ್ಕ
> ಬಸಿಗಾಲುವೆಯ ಉದ್ದ 200 ಮೀಟರ್, ಅಗಲ 45 ಸೆಂಟಿಮೀಟರ್, ಆಳ 90 ಸೆಂಟಿಮೀಟರ್ ಎಂದಿಟ್ಟುಕೊಂಡರೆ ತೆಗೆಯಬೇಕಾದ ಮಣ್ಣು 81 ಘನ ಮೀಟರ್. ದಿನಕ್ಕೆ ಎರಡು ಘನ ಮೀಟರ್ ಅಗೆದು ಎತ್ತಿ ಹಾಕುವ ಆಳಿಗೆ ಇದು 40 ದಿನದ ದುಡಿತ. ಯಂತ್ರದ ಬಕೆಟ್ 0.1 ಘನ ಮೀಟರಿನದಾಗಿದ್ದು ನಿಮಿಷಕ್ಕೆ ಎರಡು ಸಲ ಎತ್ತಿದರೆ ಗಂಟೆಗೆ 12 ಘನ ಮೀಟರ್, ಒಟ್ಟು ಏಳು ಗಂಟೆ. ಮರ ತಪ್ಪಿಸುವುದು, ಜಾಗ ಬದಲಿಸುವುದು ಸೇರಿದರೆ ಹತ್ತು ಗಂಟೆ ಎಂದು ಲೆಕ್ಕ ಹಾಕಿಕೊಳ್ಳುವುದು ಕ್ಷೇಮ.

ಬೆನ್ನಿನ ಉಬ್ಬು

ಯಂತ್ರದ ಮೇಲ್ಭಾಗ ಸುತ್ತಲೂ ತಿರುಗುತ್ತದೆ. ಮುಂದೆ ಚಾಚಿದ ತೋಳಿನ ಭಾರವನ್ನು ಸರಿದೂಗಿಸಲು ಹಿಂದೆ ಕಬ್ಬಿಣದ ತೂಕ ಇರುತ್ತದೆ. ಹಳೆಯ ಬಗೆಯ ಯಂತ್ರದಲ್ಲಿ ತಿರುಗುವಾಗ ಈ ತೂಕ ಚೈನಿನ ಅಂಚಿನಿಂದ ಆಚೆ ಚಾಚಿಕೊಳ್ಳುತ್ತದೆ. ಆಪರೇಟರ್ ಮುಂದೆ ಬಕೆಟ್ ನೋಡುತ್ತಿರುತ್ತಾನೆ. ಹಿಂದೆ ಗೋಡೆ ಬಿರುಕು ಬಿಟ್ಟದ್ದು ಸದ್ದಾದ ಮೇಲೆ ಗೊತ್ತಾಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಝೀರೊ ಟೇಲ್ ಯಂತ್ರ. ಜಪಾನಿನ ಯಾನ್ಮಾರ್ 1993ರಲ್ಲಿ ವಿಯೊ ಸರಣಿಯ ಮೂಲಕ ಇದನ್ನು ಜನಪ್ರಿಯಗೊಳಿಸಿತು. ಇದರ ಬೆನ್ನು ಎತ್ತ ತಿರುಗಿದರೂ ಚೈನಿನ ಅಂಚನ್ನು ದಾಟುವುದಿಲ್ಲ. ಕಾಂಪೌಂಡಿನ ಪಕ್ಕ ಕೆಲಸ ಮಾಡಲು ಇದು ವರದಾನ.

ಆದರೆ ಝೀರೊ ಟೇಲ್ ಎಂದಾಕ್ಷಣ ಯಂತ್ರ ನಿಂತಲ್ಲೇ ಸುತ್ತ ತಿರುಗುತ್ತದೆ ಎಂದು ತಿಳಿಯಬಾರದು. ಹಿಂದೆ ಜಾಗ ಬೇಡದಿದ್ದರೂ ಮುಂದೆ ಮಡಚಿಕೊಂಡ ತೋಳು, ಬಕೆಟ್ಟಿಗೆ ಜಾಗ ಬೇಕು. ಮೂರೂವರೆ ಟನ್ನಿನ ಯಂತ್ರ ತೋಳನ್ನು ಎಷ್ಟೇ ಮಡಚಿಕೊಂಡರೂ ಮುಂದೆ ಸುಮಾರು ಎರಡು ಮೀಟರ್ ಬೇಕಾಗುತ್ತದೆ. ಒಂಬತ್ತಡಿ ಅಂತರದ ತೋಟದಲ್ಲಿ ಪೂರ್ತಿ ಸುತ್ತು ತಿರುಗಲು ಸಾಧ್ಯವಿಲ್ಲ. ಮಣ್ಣನ್ನು ಸಾಲಿನುದ್ದಕ್ಕೇ ಹಾಕುತ್ತ ಹಿಂದೆ ಸರಿಯಬೇಕು. ಇದನ್ನು ಬಲ್ಲ ಆಪರೇಟರ್ ಮೊದಲು ತೋಟ ಸುತ್ತಿ ನೋಡಿ, ಆಮೇಲೆ ಯಂತ್ರ ಹತ್ತುತ್ತಾನೆ.

ಇಕ್ಕಟ್ಟಿನ ಕೆಲಸಕ್ಕೆ ಬೇಕಾದ ಇನ್ನೊಂದು ಗುಣವಿದೆ. ಮಿನಿ ಯಂತ್ರಗಳ ತೋಳು ಬುಡದಲ್ಲೇ ಎಡಕ್ಕೂ ಬಲಕ್ಕೂ ವಾಲುತ್ತದೆ. ಹೀಗಾಗಿ ಯಂತ್ರ ಗೋಡೆಗೆ ಸಮಾನಾಂತರವಾಗಿ ನಿಂತು ಗೋಡೆಯ ಬುಡದಲ್ಲೇ ನೇರ ಚರಂಡಿ ತೋಡಬಹುದು. ಮುಂಭಾಗದ ಬ್ಲೇಡು ಅಗೆಯುವಾಗ ಯಂತ್ರವನ್ನು ಊರಿ ಹಿಡಿಯುತ್ತದೆ, ಮುಗಿದ ಮೇಲೆ ಮಣ್ಣನ್ನು ತಳ್ಳಿ ಗುಂಡಿ ಮುಚ್ಚುತ್ತದೆ. ಬಾಡಿಗೆಗೆ ಬರುವ ಯಂತ್ರದಲ್ಲಿ ಈ ಎರಡೂ ಇವೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಬೇಕು.

ಮಣ್ಣು ಹೇಳುವ ಮಾತು

ಚೈನಿನ ಯಂತ್ರದ ಭಾರ ನೆಲದ ಮೇಲೆ ಹರಡಿಕೊಳ್ಳುತ್ತದೆ. ಮಿನಿ ಯಂತ್ರಗಳು ನೆಲದ ಮೇಲೆ ಹಾಕುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೊ, ನಡೆಯುವ ಮನುಷ್ಯನ ಪಾದದ ಒತ್ತಡಕ್ಕೆ ಹತ್ತಿರ. ಗಾಲಿಯ ಜೆಸಿಬಿಯ ಒತ್ತಡ ಇದಕ್ಕಿಂತ ಹಲವು ಪಟ್ಟು. ತೋಟಕ್ಕೆ ಜೆಸಿಬಿ ಬೇಡ ಎನ್ನಲು ಇದೊಂದೇ ಕಾರಣ ಸಾಕು. ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಎರಡಡಿಯೊಳಗೇ ಇರುತ್ತವೆ, ಕಾಫಿಯ ಆಹಾರದ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿರುತ್ತವೆ. ಆ ಮಣ್ಣು ಅದುಮಿಹೋದರೆ ನೀರೂ ಗಾಳಿಯೂ ಇಳಿಯುವುದಿಲ್ಲ. ಹಾಗೆಂದು ಚೈನಿನ ಯಂತ್ರಕ್ಕೂ ರಿಯಾಯಿತಿ ಇಲ್ಲ. ಒದ್ದೆ ನೆಲದಲ್ಲಿ ನಿಂತಲ್ಲೇ ತಿರುಗಿದರೆ ಚೈನು ಮೇಲ್ಮಣ್ಣನ್ನು ಸೀಳಿ, ಬೇರನ್ನು ಹರಿದು ಹಾಕುತ್ತದೆ.

ಒಳನಾಡಿನ ಕೆಂಪು ಮಣ್ಣು ಯಾವ ಯಂತ್ರಕ್ಕೂ ಒಲಿಯುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ನೆನೆದ ಎರೆಯಲ್ಲಿ ಚೈನಿನ ಗಾಲಿಗಳ ನಡುವೆ ಮಣ್ಣು ಕಚ್ಚಿಕೊಂಡು ಯಂತ್ರ ಮುಂದೆ ಹೋಗುವುದೇ ಇಲ್ಲ. ಗರಸು ನೆಲಕ್ಕೆ ಹಲ್ಲಿನ ಬಕೆಟ್ ಬೇಕು. ಕರಾವಳಿಯ ಮುರಕಲ್ಲಿನ ನೆಲಕ್ಕೆ ಕಲ್ಲೊಡೆಯುವ ಬ್ರೇಕರ್ ಇಲ್ಲದೆ ಎರಡು ಟನ್ನಿನ ಯಂತ್ರ ತರಿಸಿದರೆ ಹಣ ವ್ಯರ್ಥ.

ಕರಾವಳಿಯಲ್ಲಿ ಮುರಕಲ್ಲಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಅದರ ಕೆಳಗಿರುವ ಶೇಡಿ ಮಣ್ಣಿನ ಬಗ್ಗೆ. ಮೇಲೆ ಗಟ್ಟಿ ಮುರಕಲ್ಲಿನ ಪದರ, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಛಾಯೆಯ ನುಣುಪಾದ ಮಣ್ಣು. ಒಣಗಿದ್ದಾಗ ಶೇಡಿ ನೆಟ್ಟಗೆ ಕತ್ತರಿಸಿದರೂ ನಿಲ್ಲುತ್ತದೆ. ನೀರು ಕುಡಿದರೆ ಶಕ್ತಿ ಕಳೆದುಕೊಂಡು ಹರಿಯತೊಡಗುತ್ತದೆ. ಬೇಸಿಗೆಯಲ್ಲಿ ಧರೆ ಕತ್ತರಿಸುವಾಗ ಬಕೆಟ್ಟಿನಲ್ಲಿ ಈ ಮಣ್ಣು ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಬಲ್ಲ ಎಂಜಿನಿಯರನ್ನು ಕರೆಸಬೇಕು.

ಧರೆಗೆ ಕೈ ಹಾಕುವ ಮುನ್ನ

ಮಿನಿ ಹಿಟಾಚಿ ಬಂದ ಮೇಲೆ ಗುಡ್ಡ ಕಡಿಯುವುದು ತೀರಾ ಸುಲಭವಾಗಿದೆ. ಅಂಗಳ ಎರಡು ಮೀಟರ್ ಅಗಲವಾಗಲಿ, ಕಾರು ತಿರುಗಲು ಜಾಗವಾಗಲಿ ಎಂದು ಮನೆಯ ಹಿಂದಿನ ಧರೆಯನ್ನು ನೆಟ್ಟಗೆ ಕತ್ತರಿಸುತ್ತಾರೆ. ಅರ್ಧ ದಿನದ ಕೆಲಸ. ಆದರೆ ಆ ಧರೆ ಶತಮಾನಗಳಿಂದ ಮೇಲಿನ ಗುಡ್ಡಕ್ಕೆ ಊರೆಯಾಗಿ ನಿಂತಿರುತ್ತದೆ. ಬುಡ ಕತ್ತರಿಸಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಆಷಾಢದ ಮಳೆ ಮಣ್ಣಿಗೆ ಇಳಿದಾಗ ಅದರ ಭಾರ ಹೆಚ್ಚಿ, ಹಿಡಿತ ಕಡಿಮೆಯಾಗಿ ಜಾರುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಭಾರೀ ಮಳೆಯ ಜೊತೆಗೆ ರಸ್ತೆ, ಮನೆ, ತೋಟಗಳಿಗಾಗಿ ಇಳಿಜಾರುಗಳನ್ನು ಬೇಕಾಬಿಟ್ಟಿ ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಕಾರಣವಾಗಿ ಗುರುತಿಸಿತು. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದದ್ದು ಇನ್ನೂ ಕಣ್ಣ ಮುಂದಿದೆ. ಹೆದ್ದಾರಿಯ ಕಡಿತಕ್ಕೂ ಮನೆಯ ಹಿಂದಿನ ಕಡಿತಕ್ಕೂ ಗಾತ್ರದಲ್ಲಿ ವ್ಯತ್ಯಾಸವಿದೆ, ಮಣ್ಣಿನ ನಿಯಮದಲ್ಲಿ ಇಲ್ಲ.

ಕಡಿಯಲೇಬೇಕಾದರೆ ನೆಟ್ಟಗೆ ಕಡಿಯದೆ ಇಳಿಜಾರಾಗಿ, ಎತ್ತರವಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ಧರೆಯ ನೆತ್ತಿಯಲ್ಲಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸುವ ಚರಂಡಿ ಮೊದಲು ಆಗಬೇಕು, ಬುಡದ ಕೆಲಸ ಆಮೇಲೆ. ತೆಗೆದ ಮಣ್ಣನ್ನು ಕೆಳಗಿನ ಇಳಿಜಾರಿಗೆ ಸುರಿಯುವುದು ಇನ್ನೊಂದು ಅಪಾಯ. ಆ ಸಡಿಲ ಮಣ್ಣು ಮೊದಲ ದೊಡ್ಡ ಮಳೆಗೇ ಕೆಳಮನೆಯವರ ತೋಟಕ್ಕೆ ಇಳಿಯುತ್ತದೆ.

ಯಂತ್ರಕ್ಕೂ ಇಳಿಜಾರು ಶತ್ರುವೇ. 30 ಡಿಗ್ರಿ ಏರನ್ನು ಹತ್ತಬಲ್ಲದು ಎಂದು ಕೈಪಿಡಿಗಳಲ್ಲಿ ಇರುತ್ತದೆ. ಅದು ನೇರ ಹತ್ತಿ ಇಳಿಯುವ ಮಾತು. ಅಷ್ಟು ಇಳಿಜಾರಿನಲ್ಲಿ ಅಡ್ಡ ನಿಂತು ತುಂಬಿದ ಬಕೆಟ್ಟನ್ನು ತಗ್ಗಿನ ಕಡೆ ತಿರುಗಿಸಿದರೆ ಯಂತ್ರ ಮಗುಚುತ್ತದೆ. ಮೊದಲು ಬ್ಲೇಡಿನಿಂದ ಸಮತಟ್ಟು ಮಾಡಿಕೊಂಡು ಆಮೇಲೆ ಅಗೆಯಬೇಕು. ಆಪರೇಟರ್ ಸೀಟಿನ ಬೆಲ್ಟ್ ಹಾಕಿಕೊಂಡಿರಬೇಕು. ತಲೆಯ ಮೇಲಿನ ಉಕ್ಕಿನ ಚೌಕಟ್ಟು ಕಾಪಾಡುವುದು ಅದರೊಳಗೆ ಕೂತವನನ್ನು ಮಾತ್ರ; ಹೊರಗೆ ಹಾರಲು ಹೋದವನ ಮೇಲೆ ಅದೇ ಚೌಕಟ್ಟು ಬೀಳುತ್ತದೆ.

> ಗುಂಡಿಗೆ ಇಳಿಯುವ ಮುನ್ನ
> ಒಂದೂವರೆ ಮೀಟರಿಗಿಂತ ಆಳದ ಮಣ್ಣಿನ ಚರಂಡಿಗೆ ಬದಿಗಳಲ್ಲಿ ಆಧಾರ ಕೊಡಬೇಕು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋದ ಐಎಸ್ 3764. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗೂ ಹೆಚ್ಚು. ಅಷ್ಟು ಮಣ್ಣು ಎದೆಯ ಮೇಲೆ ಕುಸಿದರೆ ಬಿಡಿಸುವಷ್ಟು ಸಮಯವೇ ಸಿಗುವುದಿಲ್ಲ. ತೆಗೆದ ಮಣ್ಣಿನ ರಾಶಿ, ಯಂತ್ರ ಎರಡೂ ಅಂಚಿನಿಂದ ದೂರವಿರಲಿ.
>
> ತೋಳು ಎತ್ತುವ ಮೊದಲು ಮೇಲಿನ ವಿದ್ಯುತ್ ತಂತಿ, ಬಕೆಟ್ ಇಳಿಸುವ ಮೊದಲು ಕೆಳಗಿನ ಕೇಬಲ್ ಗಮನಿಸಬೇಕು. ರಸ್ತೆಬದಿಯ ಕೇಬಲ್, ಪೈಪುಗಳ ಒಡೆಯರಿಗೆ ಮುನ್ಸೂಚನೆ ಕೊಡಲು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ.

ಕೈಗೆ ತಕ್ಕ ಬಕೆಟ್

ಒಂದೇ ಬಕೆಟ್ಟಿನಲ್ಲಿ ಎಲ್ಲ ಕೆಲಸ ಆಗುವುದಿಲ್ಲ. ಪೈಪಿನ ಚರಂಡಿಗೆ 9 ಇಲ್ಲವೇ 12 ಇಂಚಿನ ಕಿರಿದಾದ ಬಕೆಟ್, ಗುಂಡಿಗೆ 18ರಿಂದ 24 ಇಂಚಿನದು, ಮಣ್ಣು ಹರಡಿ ಸಮ ಮಾಡಲು ಹಲ್ಲಿಲ್ಲದ ಅಗಲ ಬಕೆಟ್. ಬೇಲಿ ಕಂಬಕ್ಕೆ, ಮೆಣಸಿನ ಆಧಾರ ಮರಕ್ಕೆ ಗುಂಡಿ ಕೊರೆಯಲು ಆಗರ್ ಜೋಡಿಸಬಹುದು. ಬ್ರೇಕರ್, ಆಗರ್ ಓಡಲು ಯಂತ್ರದಲ್ಲಿ ಪ್ರತ್ಯೇಕ ಹೈಡ್ರಾಲಿಕ್ ಲೈನ್ ಇರಬೇಕು. ಕೊಳ್ಳುವಾಗ ಇದನ್ನು ಬಿಟ್ಟರೆ ಆಮೇಲೆ ಹಾಕಿಸಲು ದುಬಾರಿ.

ಯಂತ್ರ ಮಾಡಬಾರದ, ಮಾಡಲಾರದ ಕೆಲಸವೂ ಉಂಟು. ಬೆಂಗಳೂರಿನ ಮನೆಗಳಲ್ಲಿ ಮಳೆನೀರು ಇಂಗಿಸಲು ತೋಡುವ ಮೂರಡಿ ವ್ಯಾಸ, ಇಪ್ಪತ್ತಡಿ ಆಳದ ಬಾವಿ ಅಂಥದ್ದು. ಮೂರೂವರೆ ಟನ್ನಿನ ಯಂತ್ರದ ತೋಳು ಹತ್ತಡಿಗೇ ನಿಲ್ಲುತ್ತದೆ. ಇನ್ನೂ ಆಳ ಬೇಕೆಂದರೆ ಗುಂಡಿಯ ಬಾಯಿಯನ್ನು ಮೂರು ಪಟ್ಟು ಅಗಲ ಮಾಡಬೇಕಾಗುತ್ತದೆ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು ಅದೇ ಮೂರಡಿ ಬಾಯಿಯೊಳಗೆ ಇಳಿದು, ಸಿಮೆಂಟ್ ರಿಂಗುಗಳನ್ನು ಇಳಿಸುತ್ತ ಅಚ್ಚುಕಟ್ಟಾಗಿ ಮುಗಿಸುತ್ತಾರೆ. ಬಯೋಮ್ ಟ್ರಸ್ಟಿನ ಹತ್ತು ಲಕ್ಷ ಬಾವಿಗಳ ಅಭಿಯಾನ ನಿಂತಿರುವುದು ಈ ಕೌಶಲದ ಮೇಲೆ. ಆ ಕೆಲಸ ಅವರದ್ದೇ ಆಗಿರಬೇಕು.

ಕಾಫಿ ತೋಟದ ತೊಟ್ಟಿಲು ಗುಂಡಿಗಳೂ ಹೀಗೆಯೇ. ನಾಲ್ಕು ಗಿಡಗಳ ನಡುವೆ, ಇಳಿಜಾರಿಗೆ ಅಡ್ಡಲಾಗಿ, ಬೇರಿಗೆ ಪೆಟ್ಟಾಗದಂತೆ ತೆಗೆಯಬೇಕಾದ ಒಂದಡಿ ಅಗಲದ ಗುಂಡಿಗೆ ಗುದ್ದಲಿಯೇ ಸರಿ. ದಾರಿಯ ಪಕ್ಕದ ದೊಡ್ಡ ಇಂಗುಗುಂಡಿ, ಕೆರೆಯ ಹೂಳು ಯಂತ್ರಕ್ಕಿರಲಿ.

ಬಾಡಿಗೆಯೋ, ಸ್ವಂತವೋ?

ಭಾವನೆ ಬದಿಗಿಟ್ಟು ಲೆಕ್ಕ ಹಾಕಿದರೆ ಒಂದು ಮನೆಗೆ, ಒಂದು ತೋಟಕ್ಕೆ ಸ್ವಂತ ಯಂತ್ರ ಕಟ್ಟುವುದಿಲ್ಲ. ಯಂತ್ರದ ಬೆಲೆ 20 ಲಕ್ಷ, ಸಾಲದ ಬಡ್ಡಿ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ ಬರೀ ಬಡ್ಡಿಯೇ ವರ್ಷಕ್ಕೆ 2 ಲಕ್ಷ. ಬಾಡಿಗೆ ಗಂಟೆಗೆ 1,200 ರೂಪಾಯಿ ಎಂದು ಹಿಡಿದರೆ ಅಷ್ಟೇ ಹಣಕ್ಕೆ 166 ಗಂಟೆ ಬಾಡಿಗೆ ಯಂತ್ರ ಸಿಗುತ್ತದೆ. ಸಾಮಾನ್ಯ ಮನೆಯೊಂದಕ್ಕೆ ಅಷ್ಟು ಗಂಟೆಯ ಮಣ್ಣುಕೆಲಸ ಹಲವು ವರ್ಷಕ್ಕೂ ಬರುವುದಿಲ್ಲ. ಸ್ವಂತ ಯಂತ್ರಕ್ಕಾದರೆ ಇದರ ಮೇಲೆ ಡೀಸೆಲ್, ಆಪರೇಟರ್ ಸಂಬಳ, ವಿಮೆ, ಸರ್ವಿಸ್, ನಿಲ್ಲಿಸಲು ಶೆಡ್ಡು. ರಬ್ಬರ್ ಚೈನೇ ಸಾವಿರದಿಂದ ಎರಡು ಸಾವಿರ ಗಂಟೆಗೆ ಸವೆಯುತ್ತದೆ; ಕಲ್ಲು ನೆಲದಲ್ಲಿ ಇನ್ನೂ ಬೇಗ.

ಸ್ವಂತಕ್ಕೆ ಕೊಳ್ಳುವುದು ಸರಿಹೋಗುವುದು ಎರಡೇ ಸಂದರ್ಭದಲ್ಲಿ: ದೊಡ್ಡ ಎಸ್ಟೇಟಿನಲ್ಲಿ ವರ್ಷವಿಡೀ ಕೆಲಸವಿದ್ದಾಗ, ಇಲ್ಲವೇ ನಾಲ್ಕೈದು ಕುಟುಂಬ ಸೇರಿ ಕೊಂಡು ಉಳಿದ ದಿನ ಬಾಡಿಗೆಗೆ ಬಿಡುವಾಗ. ಎರಡನೆಯದರಲ್ಲಿ ಯಾರ ಕೆಲಸ ಮೊದಲು, ಕೆಟ್ಟರೆ ರಿಪೇರಿ ಯಾರದು ಎಂಬುದು ಕಾಗದದ ಮೇಲೆ ಇರಬೇಕು.

ಬಾಡಿಗೆಯ ಮಾತಿನಲ್ಲಿ ತಕರಾರು ಹುಟ್ಟುವುದು ಗಂಟೆಯ ದರದಿಂದಲ್ಲ, ಅದರ ಸುತ್ತಲಿನ ಸಂಗತಿಗಳಿಂದ. ದರ ಡೀಸೆಲ್ ಸೇರಿಯೋ, ಬಿಟ್ಟೋ? ಲಾರಿಯ ಬಾಡಿಗೆ ಒಂದು ಕಡೆಯದೋ, ಎರಡೂ ಕಡೆಯದೋ? ಕನಿಷ್ಠ ಎಷ್ಟು ಗಂಟೆ? ಆಪರೇಟರಿನ ಬಾಟಾ, ಊಟ ಯಾರದು? ಯಂತ್ರ ಕೆಟ್ಟು ನಿಂತ ಹೊತ್ತು ಲೆಕ್ಕಕ್ಕೆ ಬರುತ್ತದೆಯೇ? ಇವೆಲ್ಲ ಮೊದಲೇ ತೀರ್ಮಾನವಾಗಲಿ. ಕೆಲಸ ಆರಂಭವಾಗುವ ಮುನ್ನ ಯಂತ್ರದ ಗಂಟೆ ಮೀಟರಿನ ಫೋಟೊ ತೆಗೆದಿಟ್ಟುಕೊಂಡರೆ ಸಂಜೆ ವಾದವಿರುವುದಿಲ್ಲ. ಅಕ್ಕಪಕ್ಕದ ಎರಡು ಮೂರು ಮನೆಯವರು ಒಟ್ಟಿಗೇ ಕರೆಸಿದರೆ ಲಾರಿ ಬಾಡಿಗೆ ಹಂಚಿಹೋಗುತ್ತದೆ.

> ಜಪಾನಿನಿಂದ ಧಾರವಾಡಕ್ಕೆ
> ಹಿಟಾಚಿ 1965ರಲ್ಲಿ ಯುಎಚ್03 ಎಂಬ ಪೂರ್ಣ ಹೈಡ್ರಾಲಿಕ್ ಯಂತ್ರವನ್ನು ಜಪಾನಿನ ಸ್ವಂತ ತಂತ್ರಜ್ಞಾನದಲ್ಲೇ ತಯಾರಿಸಿತು. ಕಿರಿದಾದ ಬೀದಿ, ಇಕ್ಕಟ್ಟಿನ ನಿವೇಶನಗಳ ಆ ದೇಶದಲ್ಲಿ 1970ರ ಆಸುಪಾಸಿಗೆ ಯಾನ್ಮಾರ್, ಟಾಕೆಯುಚಿ ಕಂಪನಿಗಳಿಂದ ಮಿನಿ ಯಂತ್ರಗಳು ಬಂದವು. ಇಂದು ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲೇ ಇದೆ.

ಹಳೆಯದನ್ನು ಕೊಳ್ಳುವವರಿಗೆ

ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಬಣ್ಣ ಹೊಡೆಯುವುದು ಸುಲಭ, ನೋಡಬೇಕಾದದ್ದು ಕೀಲುಗಳನ್ನು. ಬಕೆಟ್ಟನ್ನು ನೆಲದಿಂದ ತುಸು ಎತ್ತಿ ಕೈಯಿಂದ ಅಲುಗಾಡಿಸಿದರೆ ಪಿನ್ನು, ಬುಶ್ಶುಗಳ ಸವೆತ ತಿಳಿಯುತ್ತದೆ. ತೋಳು, ಬ್ಲೇಡು ಊರಿ ಯಂತ್ರವನ್ನು ಎತ್ತಿ ಇಳಿಸಿದಾಗ ಮೇಲ್ಭಾಗಕ್ಕೂ ಚೈನಿಗೂ ನಡುವೆ ಕಟಕಟ ಎಂದರೆ ತಿರುಗುವ ದೊಡ್ಡ ಬೇರಿಂಗ್ ಹೋಗಿದೆ. ಅದರ ರಿಪೇರಿ ಬಹಳ ದುಬಾರಿ.

ಸಿಲಿಂಡರಿನ ಹೊಳೆಯುವ ಸರಳಿನ ಮೇಲೆ ಗೀರು ಇರಬಾರದು. ಹೈಡ್ರಾಲಿಕ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಚೈನನ್ನು ಎಳೆಯುವ ಗಾಲಿಯ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನಿನ ಜೊತೆಗೆ ಅದನ್ನೂ ಬದಲಿಸಬೇಕು. ತಣ್ಣಗಿರುವ ಎಂಜಿನ್ನನ್ನೇ ಚಾಲೂ ಮಾಡಿಸಿ ನೋಡಬೇಕು. ಒಂದು ಗಂಟೆ ದುಡಿಸಿ ಎಣ್ಣೆ ಬಿಸಿಯಾದ ಮೇಲೂ ತೋಳು ಅಷ್ಟೇ ಚುರುಕಾಗಿದೆಯೇ ನೋಡಬೇಕು. ಸವೆದ ಪಂಪಿನ ಬಣ್ಣ ಬಯಲಾಗುವುದು ಬಿಸಿಯಲ್ಲೇ. ಮೀಟರ್ 2,000 ಗಂಟೆ ತೋರಿಸುತ್ತಿದ್ದು ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಆ ಮೀಟರನ್ನು ನಂಬಬಾರದು. ಮೂಲ ಬಿಲ್ಲು, ಸಾಲ ತೀರಿದ ಪತ್ರ, ಯಂತ್ರದ ಮೇಲಿನ ಸೀರಿಯಲ್ ನಂಬರ್ ತಾಳೆಯಾಗದಿದ್ದರೆ ವ್ಯವಹಾರ ಬೇಡ.

ಹೊಸದಿರಲಿ, ಹಳೆಯದಿರಲಿ, ಬ್ರ್ಯಾಂಡಿಗಿಂತ ಮುಖ್ಯವಾದದ್ದು ಬಿಡಿಭಾಗ ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದು. ಹರಿದ ಹೋಸ್ ಪೈಪಿಗಾಗಿ ವಾರ ಕಾಯಬೇಕಾದ ಯಂತ್ರ ಎಷ್ಟು ಅಗ್ಗವಾದರೂ ನಷ್ಟವೇ. ಆನ್‌ಲೈನಿನಲ್ಲಿ ಕಾಣುವ, ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಯಾರೂ ಹೇಳದ ಒಂದು ಟನ್ನಿನ ಅಗ್ಗದ ಯಂತ್ರಗಳನ್ನು ಈ ಒಂದೇ ಕಾರಣಕ್ಕೆ ದೂರವಿಡಬೇಕು. ಲಿವರುಗಳ ಕ್ರಮವನ್ನೂ ನೋಡಿಕೊಳ್ಳಬೇಕು. ಜೆಸಿಬಿ ಓಡಿಸಿ ಪಳಗಿದ ಕೈಗೆ ಹಿಟಾಚಿಯ ಲಿವರ್ ಬೇರೆಯೇ ಆಗಿರಬಹುದು. ಇಕ್ಕಟ್ಟಿನಲ್ಲಿ ತೋಳು ಎತ್ತಬೇಕಾದಾಗ ಇಳಿದರೆ ಅನಾಹುತ. ಎರಡೂ ಕ್ರಮಕ್ಕೆ ಬದಲಿಸಿಕೊಳ್ಳುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ.

ಮಳೆಗೆ ಮುನ್ನ

ಕಾನೂನಿನ ಎರಡು ಮಾತು. ದಾರಿಗೆ ಅಡ್ಡ ಬಂದ ಮರ ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ನಿಯಮಗಳಿವೆ. ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಬೇಕು. ತೆಗೆದ ಮಣ್ಣನ್ನು ಹೊರಗೆ ಸಾಗಿಸಿ ಮಾರುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು.

ಕೆದಕಿದ ಮಣ್ಣಿಗೆ ಕೂರಲು ಸಮಯ ಬೇಕು. ಮೇ ಕೊನೆಯಲ್ಲಿ ತೆಗೆದ ಚರಂಡಿ, ಕಟ್ಟಿದ ಏರಿ ಜೂನ್ ಮಳೆಗೆ ಕರಗಿಹೋಗುತ್ತದೆ. ಏಪ್ರಿಲ್ ಮಧ್ಯದೊಳಗೆ ಮುಗಿದ ಕೆಲಸಕ್ಕೆ ಬೇಸಿಗೆಯ ಒಂದೆರಡು ಹದಮಳೆ ಸಿಕ್ಕಿ ಮಣ್ಣು ಗಟ್ಟಿಯಾಗುತ್ತದೆ. ಏರಿಯ ಮೇಲೆ ಲಾವಂಚ ನೆಟ್ಟರೆ ಬೇರು ಬಿಡಲು ಅವಕಾಶವಾಗುತ್ತದೆ. ಏಪ್ರಿಲಿನಲ್ಲಿ ಎಲ್ಲರಿಗೂ ಒಟ್ಟಿಗೇ ಯಂತ್ರ ಬೇಕಾಗುತ್ತದೆ, ಆಗ ಸಿಗುವುದು ಬೇಕಾದ ಗಾತ್ರವಲ್ಲ, ಉಳಿದ ಗಾತ್ರ. ಈ ಬೇಸಿಗೆಯಲ್ಲಿ ಕೆಲಸ ಇಟ್ಟುಕೊಂಡವರು ಇವತ್ತೇ ಟೇಪು ಹಿಡಿದು ಗೇಟು, ಸಂದು, ಸಂಕ, ಗುಂಡಿಯ ಆಳ ಅಳೆದು ಬರೆದಿಟ್ಟುಕೊಳ್ಳಿ. ಯಂತ್ರದವರಿಗೆ ಫೋನ್ ಮಾಡಿದಾಗ ದರ ಕೇಳುವ ಮೊದಲು ಆ ಅಂಕಿಗಳನ್ನು ಓದಿ ಹೇಳಿ.